ಎರಡನೆಯ ಸಹಿ ಹಾಕುವವನಿಗೆ ಕಣ್ಣು ಇರಬಾರದೇ?

ನಿನ್ನೆ ರಾತ್ರಿ ನಾನು ತೆಗೆಸಿದ ವಿಮಾನದ ಬಾಲದ ಪ್ಯಾನೆಲಿನ ಒಳಗೆ ಏನೂ ತಪ್ಪಿರಲಿಲ್ಲ. ನಟ್ಟು ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ತನ್ನ ಜಾಗದಲ್ಲೇ ಇತ್ತು, ನಟ್ಟು ಬಿಗಿಯಾಗಿತ್ತು, ರಾಡ್ ಸಲೀಸಾಗಿ ಆಡುತ್ತಿತ್ತು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಬೆಳಿಗ್ಗೆಯಿಂದ ಬಜ್ಪೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಿರುವುದು ಅದನ್ನೇ: "ಏನೂ ಇರಲಿಲ್ಲವಂತಲ್ಲ ಮಾರಾಯ, ಮತ್ತೆ ಯಾಕೆ ತೆಗೆಸಿದ್ದು?"

ನೋಡುವುದಕ್ಕೆ ತೆಗೆಸಿದ್ದು. ವಿಮಾನದ ನಿಯಂತ್ರಣ ವ್ಯವಸ್ಥೆಯನ್ನು ಬಿಚ್ಚಿ ಜೋಡಿಸಿದ ಮೇಲೆ, ಆ ಕೆಲಸ ಮಾಡಿದವರನ್ನು ಬಿಟ್ಟು ಅರ್ಹರಾದ ಇನ್ನೊಬ್ಬರು ತಮ್ಮ ಕಣ್ಣಿನಿಂದ ಪರಿಶೀಲಿಸಿ ಸಹಿ ಹಾಕಬೇಕು. ನಿನ್ನೆ ರಾತ್ರಿ ಆ ಇನ್ನೊಬ್ಬ ನಾನು. ಮುಂಚಕ್ರದ ಕೆಲಸ ಮುಗಿಸಿ ನಾನು ಬಾಲದ ಬಳಿಗೆ ಬರುವಷ್ಟರಲ್ಲಿ ಪ್ಯಾನೆಲ್ ಮುಚ್ಚಿಯಾಗಿತ್ತು, ಮೊದಲ ಸಹಿ ಬಿದ್ದಿತ್ತು, ಎರಡನೆಯ ಚೌಕ ಖಾಲಿ ಇತ್ತು. "ಒಮ್ಮೆ ತೆರೆಯೋಣ ಸರ್, ನೋಡಿ ಹಾಕುತ್ತೇನೆ" ಎಂದೆ. ದನಿ ಏರಿಸಿರಲಿಲ್ಲ.

ಕೆಲಸ ಮಾಡಿದವರು ಮೇಲ್ವಿಚಾರಕರೇ. ಅವರು ನನ್ನ ಜೇಬಿನಿಂದ ಪೆನ್ನು ಎಳೆದು, ಮುಚ್ಚಳ ತೆಗೆದು, ಅದನ್ನು ನನ್ನ ಬೆರಳುಗಳ ನಡುವೆ ಇಟ್ಟರು. "ನಾನು ಲೈಸೆನ್ಸ್ ತೆಗೆದುಕೊಂಡಾಗ ನೀನು ಶಾಲೆಗೆ ಹೋಗುತ್ತಿದ್ದೆ. ನನ್ನ ಕೆಲಸವನ್ನು ನೀನು ನೋಡಬೇಕಾ?" ಎಂದರು. ನಾನು ಸಹಿ ಹಾಕಲಿಲ್ಲ. ಪ್ಯಾನೆಲ್ ತೆಗೆಸಿದೆ, ಟಾರ್ಚ್ ಹಿಡಿದು ನೋಡಿದೆ, ಎಲ್ಲವೂ ಸರಿಯಿತ್ತು. ಆಗ ಅವರು ಎರಡು ಹೆಜ್ಜೆ ಹಿಂದೆ ಸರಿದು, ಸಾಮಾನು ಏರಿಸುತ್ತಿದ್ದ ಹುಡುಗರನ್ನೂ ಇಂಧನದ ಲಾರಿಯವರನ್ನೂ ಹತ್ತಿರ ಕರೆದು, "ಈಗ ಇವನೇ ಮುಚ್ಚುತ್ತಾನೆ, ಒಂದೊಂದು ಸ್ಕ್ರೂವನ್ನೂ ಜೋರಾಗಿ ಎಣಿಸುತ್ತಾನೆ, ಎಲ್ಲರೂ ಕೇಳಿ" ಎಂದರು.

ನಾನು ಎಣಿಸಿದೆ. ಏಕೆ ಎಣಿಸಿದೆನೋ ತಿಳಿಯದು. ಮಳೆ ರೇನ್‌ಕೋಟಿನ ಕಾಲರಿನೊಳಗೆ ಇಳಿಯುತ್ತಿತ್ತು. ಹತ್ತೊಂಬತ್ತಕ್ಕೆ ಗಂಟಲು ಕಟ್ಟಿತು. "ಕೇಳಲಿಲ್ಲ, ಮೊದಲಿನಿಂದ" ಎಂದರು. ಹಾಕಿಯಾಗಿದ್ದ ಸ್ಕ್ರೂಗಳ ಮೇಲೆ ಬೆರಳಿಟ್ಟು ಮತ್ತೆ ಒಂದರಿಂದ ಶುರು ಮಾಡಿದೆ. ಟಾರ್ಚ್ ಹಿಡಿದಿದ್ದ ತರಬೇತಿಯ ಹುಡುಗ ನನ್ನ ಮುಖ ನೋಡಲಾಗದೆ ತಲೆ ತಗ್ಗಿಸಿದ, ಬೆಳಕು ಪ್ಯಾನೆಲ್ ಬಿಟ್ಟು ನೆಲಕ್ಕೆ ಜಾರಿತು, ನಾನು ಕತ್ತಲಲ್ಲೇ ತಡವಿ ಎಣಿಸುತ್ತಾ ಹೋದೆ. ಯಾರೋ ನಕ್ಕರು. ಒಟ್ಟು 36. ಹನ್ನೆರಡು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಸಿಕ್ಕಿದ್ದು ಮೂವತ್ತಾರರವರೆಗಿನ ಮಗ್ಗಿ.

ಅವರು ಕೆಟ್ಟ ಕೆಲಸಗಾರರಲ್ಲ. ಬೋಲ್ಟು ಸಡಿಲವಾಗದಂತೆ ಹಿಡಿಯುವ ತಂತಿ, ಲಾಕ್‌ವೈರ್, ಸುತ್ತುವುದನ್ನು ನಾನು ಕಲಿತದ್ದೇ ಅವರ ಕೈ ನೋಡಿ. ವಿಮಾನ ತಡವಾದರೆ ಮೇಲಿನವರು ಫೋನ್ ಮಾಡುವುದು ಅವರಿಗೇ ಎಂಬುದೂ ಗೊತ್ತಿದೆ. ಇನ್ನು ಮುಂದೆ ಸುಮ್ಮನೆ ಹಾಕಿಬಿಡೋಣ, ಮನೆಯಲ್ಲಿ ಸಾಲ ಉಂಟು, ನನ್ನೊಬ್ಬನಿಂದ ಏನಾಗುತ್ತದೆ ಎಂದು ಮರವೂರು ಸೇತುವೆ ದಾಟುವವರೆಗೂ ಯೋಚಿಸಿದೆ. ಆದರೆ ಆಗುವುದಿಲ್ಲ. 1990ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಹೊರಟ ವಿಮಾನದ ಮುಂಗಾಜು ಆಕಾಶದಲ್ಲಿ ಕಿತ್ತುಹೋಗಿ, ಕ್ಯಾಪ್ಟನ್ನರ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟಿತು. ಆ ಗಾಜಿನ 90 ಬೋಲ್ಟುಗಳಲ್ಲಿ 84 ಬೇಕಾದುದಕ್ಕಿಂತ ಸಪೂರವಾಗಿದ್ದವು. ಅವನ್ನು ಹಾಕಿದವರು ಆ ರಾತ್ರಿಪಾಳಿಯ ಅನುಭವಿ ಮುಖ್ಯಸ್ಥರೇ, ಮತ್ತು ಇನ್ನೊಬ್ಬರು ನೋಡಲೇಬೇಕೆಂಬ ನಿಯಮ ಆ ಕೆಲಸಕ್ಕೆ ಇರಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಬಾಲದ 47 ಸ್ಕ್ರೂಗಳನ್ನು ಒಂದು ಪಾಳಿ ಬಿಚ್ಚಿತು, ಇನ್ನೊಂದು ಪಾಳಿ ಹಾಕಲಿಲ್ಲ, ವಿಮಾನ ಹಾಗೆಯೇ ಹೋಯಿತು, 14 ಜನ ಸತ್ತರು. ಅಲ್ಲಿ ಒಬ್ಬರು ಜೋರಾಗಿ ಎಣಿಸಿದ್ದರೆ!

ನಮ್ಮೂರಿನವರಿಗೆ ದೂರದ ಉದಾಹರಣೆ ಬೇಕಾಗಿಯೂ ಇಲ್ಲ. 2010ರ ಮೇ 22ರಂದು ಇಲ್ಲೇ ಕೆಂಜಾರಿನಲ್ಲಿ ವಿಮಾನ ದುರಂತದಲ್ಲಿ 158 ಜನರನ್ನು ಕಳೆದುಕೊಂಡೆವು. ಅದು ನಿರ್ವಹಣೆಯ ತಪ್ಪಾಗಿರಲಿಲ್ಲ, ನಿಜ. ಆದರೆ ತನಿಖಾ ವರದಿಯಲ್ಲಿ ಏನಿದೆ? ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ ಎಂದಿದೆ. ಕೂಳೂರಿನ ನದಿದಂಡೆಯ ಸ್ಮಾರಕದ ಬಳಿ ಹಾದುಹೋಗುವಾಗಲೆಲ್ಲ ನನಗೆ ಆ ಮೂರು ಬಾರಿಯ ಮಾತೇ ನೆನಪಾಗುತ್ತದೆ. ಕಿರಿಯನೊಬ್ಬ ಬಾಯಿಬಿಟ್ಟು ಹೇಳಿದರೂ ಫಲವಿಲ್ಲದ ಜಾಗದಲ್ಲಿ, ಹೇಳಿದವನನ್ನು ಮಳೆಯಲ್ಲಿ ನಿಲ್ಲಿಸಿ ಎಣಿಸಿಸಿದರೆ ನಾಳೆ ಯಾರು ಹೇಳುತ್ತಾರೆ? ಯಾರಾದರೂ ಉತ್ತರಿಸಿ. ಪ್ರಯಾಣಿಕರಾಗಿ ಕುಳಿತುಕೊಳ್ಳುವ ನೀವಾದರೂ ಉತ್ತರಿಸಿ. ನಿಮಗೆ ಬೇಕಾದುದು ನಾನು ತಡಮಾಡಿದ ಆ 40 ನಿಮಿಷವೋ, ನೋಡಿ ಹಾಕಿದ ಸಹಿಯೋ?

ಆ ಹುಡುಗ ಪಾಳಿ ಮುಗಿದ ಮೇಲೆ ಬೈಕಿನ ಹತ್ತಿರ ಬಂದು, "ಸರ್, ನನಗೆ ಹಾಗೆ ಹೇಳಿದರೆ ನಾನು ಏನು ಮಾಡಬೇಕು?" ಎಂದು ಕೇಳಿದ. ತೆಗೆಸಿ ನೋಡು ಎಂದು ಹೇಳಲು ಬಾಯಿ ತೆರೆದೆ, ಅವನ ಕಣ್ಣಲ್ಲಿ ನಾನು ಎಣಿಸುತ್ತಿದ್ದುದೇ ಕಂಡಿತು, ಮನೆಗೆ ಹೋಗು ಎಂದೆ.

ವಿಳಂಬ ನನ್ನ ಹೆಸರಿನಲ್ಲಿದೆ. ಸಂಜೆಯೊಳಗೆ ವಿವರಣೆ ಕೊಡಬೇಕಂತೆ. "ಪ್ಯಾನೆಲ್ ತೆರೆದು ನೋಡಿದೆ" ಎಂದು ಬರೆದು ಮೂರು ಗಂಟೆಯಾಯಿತು. ಅದರ ಕೆಳಗೆ ಬರೆಯಲು ಬೇರೇನೂ ಇಲ್ಲ. ರಾತ್ರಿ ಮತ್ತೆ ಅವರದೇ ಪಾಳಿ.