ಗುಜರಿ ತಗಡಿನ ಗಾರ್ಡ್ ಸಾಕು, ಆದರೆ ಎಲ್ಲದಕ್ಕೂ ಅಲ್ಲ

ಹೊಸ ಕಟರ್ ಬಂದ ದಿನವೇ ಅದರ ಗಾರ್ಡನ್ನು, ಅಂದರೆ ಬ್ಲೇಡಿಗೆ ಕೈ ತಗಲದಂತೆ ಕಾಯುವ ಮುಚ್ಚಳವನ್ನು, ಬಿಚ್ಚಿ ಮೂಲೆಗೆ ಎಸೆಯುವುದು ನಮ್ಮ ಮರಗೆಲಸದ ಶೆಡ್ಡುಗಳಲ್ಲಿ ಪದ್ಧತಿಯೇ ಆಗಿಬಿಟ್ಟಿದೆ. ಕೇಳಿದರೆ, "ಅದಿದ್ರೆ ಗೆರೆ ಕಾಣಲ್ಲ ಸಾರ್, ಕೈ ಪಳಗಿದೆ ಬಿಡಿ" ಅನ್ನುತ್ತಾರೆ. ಕೊಯ್ಯಲು ಹಾಕಿಕೊಂಡ ಗೆರೆ ಕಾಣಲ್ಲ ಅನ್ನುವುದು ನ್ಯಾಯವಾದ ದೂರು. ಕೈ ಪಳಗಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕೆಲಸಕ್ಕೆ ಅಡ್ಡ ಬರುವ ಗಾರ್ಡ್ ಯಾವ ಶೆಡ್ಡಿನಲ್ಲೂ ವಾರ ಉಳಿಯಲ್ಲ. ಅದಕ್ಕೇ, ಮೆಷಿನ್ ಮುಂದೆ ನಿಲ್ಲುವವನೇ ತನಗೆ ಒಗ್ಗುವಂತೆ ಗಾರ್ಡ್ ಮಾಡಿಕೊಳ್ಳಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ. ದುಡ್ಡೇನೂ ಜಾಸ್ತಿ ಬೇಡ.

ನಾಲ್ಕಿಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ, ಪ್ಲೈವುಡ್ ಮೇಜಿನಡಿ ತಲೆಕೆಳಗಾಗಿ ಬಿಗಿದು 'ಟೇಬಲ್ ಸಾ' (ಬ್ಲೇಡ್ ಮೇಲೆ ಚಾಚಿರುವ ಮೇಜಿನ ಗರಗಸ) ಮಾಡಿಕೊಂಡಿರುತ್ತಾರಲ್ಲ, ಅದನ್ನೇ ತಗೊಳ್ಳಿ. ಆ ಕಟರ್ ಇರುವುದೇ ಅದಕ್ಕಲ್ಲ, ಮಾಡದಿದ್ದರೇ ಒಳ್ಳೆಯದು. ಆದರೆ ಮಾಡುವವರು ಮಾಡುತ್ತಲೇ ಇದ್ದಾರೆ. ಖಾಲಿ ಓಡುವಾಗ ನಿಮಿಷಕ್ಕೆ ಹೆಚ್ಚುಕಮ್ಮಿ 13,000 ಸುತ್ತು. 110 ಮಿ.ಮೀ. ಬ್ಲೇಡಾದರೆ ಹಲ್ಲಿನ ವೇಗ ಗಂಟೆಗೆ 270 ಕಿ.ಮೀ. ಹತ್ತಿರ. ಇದರ ಮುಂದೆ ಕೈ ಎಷ್ಟು ಪಳಗಿದ್ದರೇನು?

ಹಲಗೆ ಕೊಯ್ಯುವಾಗ ಕೊಯ್ದ ಸೀಳು ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಹಿಂದಿನ ಹಲ್ಲುಗಳು ಮೇಲೇಳುತ್ತಾ ಹಲಗೆಯನ್ನು ಎತ್ತಿ ನಮ್ಮ ಮೇಲೇ ಎಸೆಯುತ್ತವೆ. ಒತ್ತಿ ಹಿಡಿದಿದ್ದ ಕೈ ಜಾರಿ ಬ್ಲೇಡಿಗೆ ಹೋಗುವುದು ಆಗಲೇ. ಇದಕ್ಕೆ ಮದ್ದು ಬ್ಲೇಡಿನ ಹಿಂದೆ ನೆಟ್ಟಗೆ ನಿಲ್ಲುವ ಒಂದು ಸ್ಟೀಲ್ ತಗಡು. ರಿವಿಂಗ್ ನೈಫ್ ಅಂತಾರೆ. ಗುಜರಿಯಲ್ಲೇ ಸಿಗುತ್ತದೆ, ಆದರೆ ಅಳತೆ ತಪ್ಪಬಾರದು. ಬ್ಲೇಡಿನ ಮೈಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳು. ಹಲ್ಲಿಗೂ ಅದಕ್ಕೂ ನಡುವೆ 3ರಿಂದ 8 ಮಿ.ಮೀ. ಜಾಗ. ಬ್ಲೇಡಿನ ನೇರಕ್ಕೇ ಇರಬೇಕು, ಸ್ವಲ್ಪ ವಾಲಿದರೂ ಹಲಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗೆರೆ ಕಾಣಬೇಕಲ್ವಾ? ಮೇಲಿನ ಮುಚ್ಚಳಕ್ಕೆ 3 ಮಿ.ಮೀ. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಕಿ. ಮನೆ ಮುಂದೆ ಶೀಟ್ ಹೊದಿಸುವವರ ಹತ್ತಿರ ತುಂಡು ಕೇಳಿ, ಟೊಳ್ಳಿಲ್ಲದ್ದೇ ಬೇಕು. ಅಕ್ರಿಲಿಕ್ ಬೇಡ. ಪೆಟ್ಟು ಬಿದ್ದರೆ ಚೂರಾಗುತ್ತದೆ, ಪಾಲಿಕಾರ್ಬೊನೇಟ್ ಬಾಗುತ್ತದೆ. ಒಂದು ಬಿಜಾಗರಿ ಇಟ್ಟರೆ ಹಲಗೆ ಬಂದಾಗ ತಾನೇ ಏಳುತ್ತದೆ, ಬಿಚ್ಚಿ ಎಸೆಯುವ ಮನಸ್ಸು ಬರಲ್ಲ.

ಹಲಗೆ ತಳ್ಳಲು ತುದಿಗೆ ಕಚ್ಚು ಹಾಕಿದ ಪ್ಲೈವುಡ್ ಕೋಲು. ಪುಕ್ಕಟೆ. ಕೈಗೆ ಗ್ಲೌಸ್ ಬೇಡ, ಬ್ಲೇಡ್ ಅದನ್ನು ಹಿಡಿದರೆ ಕೈ ಸಮೇತ ಎಳೆಯುತ್ತದೆ. ಮಣಿಕಟ್ಟಿನ ದೇವರ ದಾರವೂ ಅಷ್ಟೇ. ದೇವರು ಬೇಜಾರು ಮಾಡಿಕೊಳ್ಳಲ್ಲ, ಕೆಲಸದ ಹೊತ್ತಿಗೆ ಬಿಚ್ಚಿಡಿ.

ಎಲ್ಲರೂ ಮರೆಯುವುದು ಕರೆಂಟು. ತಲೆಕೆಳಗಾದ ಕಟರ್‌ನ ಸ್ವಿಚ್ ಒತ್ತಿ ಲಾಕ್ ಮಾಡಿರುತ್ತಾರೆ. ಕರೆಂಟ್ ಹೋಯಿತು, ಚಾ ಕುಡಿದು ಬಂದು ಬ್ಲೇಡಿನ ಪಕ್ಕದ ಹೊಟ್ಟು ಗುಡಿಸುತ್ತಿರುವಾಗ ಕರೆಂಟ್ ಬಂದರೆ? ತೋಟದ ಮೋಟರ್‌ಗೆ ಹಸಿರು-ಕೆಂಪು ಗುಂಡಿಯ ಸ್ಟಾರ್ಟರ್ ಇರುತ್ತದಲ್ಲ, ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ, ಮತ್ತೆ ಒತ್ತುವವರೆಗೆ ಓಡಲ್ಲ. ಅಂಥದ್ದೇ ಒಂದು ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಕರೆಂಟ್ ಬಂದೊಡನೆ ಮೋಟರ್ ತಾನೇ ಓಡಲಿ ಅಂತ ತೋಟದಲ್ಲಿ ಇಡುವ 'ಆಟೋ' ಮಾತ್ರ ಇಲ್ಲಿ ಬೇಡವೇ ಬೇಡ.

ಗಿರಣಿ, ಕಂಪ್ರೆಸರ್ ಬೆಲ್ಟಿಗೆ ವೆಲ್ಡ್ ಮೆಶ್ ಸಾಕು. ಕಂಡಿಯಲ್ಲಿ ಬೆರಳು ತೂರುವಂತಿದ್ದರೆ ಬೆಲ್ಟಿನಿಂದ ಒಂದು ಗೇಣು ದೂರ ಕಟ್ಟಿ.

ಕೈಯಲ್ಲಿ ಹಿಡಿದು ಡಿಸ್ಕಿನಿಂದ ಕಬ್ಬಿಣ ಕೊಯ್ಯುವ, ಉಜ್ಜುವ ಆಂಗಲ್ ಗ್ರೈಂಡರ್‌ಗೆ ಮಾತ್ರ ಈ ಯಾವ ಕೈಚಳಕವೂ ಬೇಡ. ಡಿಸ್ಕ್ ಒಡೆದರೆ ಎಣ್ಣೆ ಡಬ್ಬದ ತಗಡು ಏನೂ ತಡೆಯಲ್ಲ. ಅದೇ ಮಾಡೆಲ್‌ನ ಗಾರ್ಡ್ ಬಿಡಿಯಾಗಿ ಸಿಗುತ್ತದೆ, ಕೊಂಡುಕೊಳ್ಳಿ. ಅದನ್ನು ಬಿಚ್ಚುವುದು ಎಷ್ಟೋ ಸಲ ದೊಡ್ಡ ಡಿಸ್ಕ್ ತೂರಿಸಲು. ಏಳಿಂಚಿನ ಡಿಸ್ಕಿನ ಮೇಲೆ ಸಾಮಾನ್ಯವಾಗಿ ನಿಮಿಷಕ್ಕೆ ಹೆಚ್ಚೆಂದರೆ 8,500 ಸುತ್ತು ಅಂತ ಅಚ್ಚಾಗಿರುತ್ತದೆ. ನಾಲ್ಕಿಂಚಿನ ಗ್ರೈಂಡರ್ ಓಡುವುದು 11,000ದ ಆಸುಪಾಸಿನಲ್ಲಿ. ಹಾಕುವ ಮುಂಚೆ ಒಮ್ಮೆ ಓದಿ.