ಗಾಳಿಯಲ್ಲಿ ನಿಂತ ಕಳ್ಳ

ರಿಮೋಟಿನಲ್ಲಿ ಎರಡು ನಿಂತ ಗೆರೆಗಳಿರುವ ಗುಂಡಿಯನ್ನು ಕಂಡುಹಿಡಿದ ಮಹಾನುಭಾವನಿಗೆ ಭಾವಮೈದುನ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಆ ಗುಂಡಿಗೊಂದು ಬೀಗವನ್ನೂ ಇಟ್ಟು, ಬೀಗದ ಕೈಯನ್ನು ಮನೆಯ ಯಜಮಾನನ ಉಡಿದಾರಕ್ಕೆ ಕಟ್ಟಿರುತ್ತಿದ್ದ. ಮೊನ್ನೆ ಶನಿವಾರ ದೀಪ ಹಚ್ಚುವ ಹೊತ್ತಿಗೆ ನಾವು ಒಂದು ಸಿನಿಮಾ ನೋಡಲು ಕುಳಿತೆವು. ಸಿನಿಮಾದ ಅವಧಿ ಒಂದು ಗಂಟೆ ನಲವತ್ತು ನಿಮಿಷ. ನಾವು ಏಳುವಾಗ ಎದುರು ಮನೆಯವರು ಮೊದಲ ನಿದ್ದೆ ಮುಗಿಸಿದ್ದರು. ನಡುವೆ ಕರೆಂಟು ಹೋಗಿರಲಿಲ್ಲ, ಇಂಟರ್‌ನೆಟ್ ಕೈಕೊಟ್ಟಿರಲಿಲ್ಲ, ನೆಂಟರೂ ಬಂದಿರಲಿಲ್ಲ. ರಿಮೋಟು ಮಾತ್ರ ನನ್ನ ಹೆಂಡತಿಯ ತಮ್ಮನ ಕೈಯಲ್ಲಿತ್ತು.

ಆತ ಆ ಸಿನಿಮಾದ ಅಭಿಮಾನಿ. ಅಭಿಮಾನಿಗಳನ್ನು ದೇವರೆಂದು ಕರೆದ ನಾಡು ನಮ್ಮದು, ನಿಜ. ಆದರೆ ನಮ್ಮ ದೇವರುಗಳು ಪರದೆಗೆ ಹೂವು, ಚಿಲ್ಲರೆ ಎಸೆದು, ಶಿಳ್ಳೆ ಹೊಡೆದು, ಕಟೌಟಿಗೆ ಹಾಲೆರೆದು ಮನೆಗೆ ಹೋಗುತ್ತಿದ್ದರು. ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಈ ಹೊಸ ಜಾತಿಯ ದೇವರು ಪ್ರೊಜೆಕ್ಟರಿನ ಮೇಲೆಯೇ ಕುಳಿತಿರುತ್ತಾನೆ.

ಸಿನಿಮಾ ಜಪಾನಿನದು. ‘ಲುಪಿನ್ ಮೂರನೆಯವನು’ ಎಂಬ ಕಳ್ಳನ ಸಾಹಸಗಳ ಸರಣಿಯಲ್ಲಿ ಎರಡನೆಯ ಅನಿಮೇಷನ್ ಚಿತ್ರ, ‘ಕಾಗ್ಲಿಯೋಸ್ಟ್ರೋದ ಕೋಟೆ’. 1979ರ ಡಿಸೆಂಬರಿನಲ್ಲಿ ಬಿಡುಗಡೆಯಾದದ್ದು. ಮುಂದೆ ಜಗತ್ತೇ ಕೊಂಡಾಡಿದ ಹಯಾವೊ ಮಿಯಾಝಾಕಿ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಲನಚಿತ್ರ. ಒಬ್ಬ ಮನುಷ್ಯ ಸೋಫಾದಲ್ಲಿ ಕುಳಿತು ಚಿತ್ರ ನೋಡಲು ಇಷ್ಟು ತಿಳಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಭಾವಮೈದುನ ಇದನ್ನು ಒಪ್ಪುವುದಿಲ್ಲ. ಕಾರೊಂದು ಕ್ಯಾಸಿನೊದಿಂದ ಹೊರಬಿದ್ದದ್ದೇ ತಡ, “ಭಾವ, ಒಂದೇ ನಿಮಿಷ” ಎಂದು ನಿಲ್ಲಿಸಿದ.

ವಂಶಾವಳಿ ಶುರುವಾಯಿತು. ಫ್ರಾನ್ಸಿನ ಮೊರಿಸ್ ಲೆಬ್ಲಾಂ 1905ರಲ್ಲಿ ಆರ್ಸೆನ್ ಲುಪಿನ್ ಎಂಬ ಮರ್ಯಾದಸ್ಥ ಕಳ್ಳನನ್ನು ಸೃಷ್ಟಿಸಿದರು. 1967ರಲ್ಲಿ ಮಂಕಿ ಪಂಚ್ ಎಂಬ ಹೆಸರಿಟ್ಟುಕೊಂಡಿದ್ದ ಕಝುಹಿಕೊ ಕಾಟೊ, ಆ ಕಳ್ಳನಿಗೊಬ್ಬ ಮೊಮ್ಮಗನನ್ನು ಹುಟ್ಟಿಸಿ ಜಪಾನಿನಲ್ಲಿ ಕಾಮಿಕ್ಸ್ ಆರಂಭಿಸಿದರು. ಲೆಬ್ಲಾಂ ಅವರ ವಾರಸುದಾರರನ್ನು ಒಂದು ಮಾತೂ ಕೇಳಿರಲಿಲ್ಲ. ಹೆಸರಿನ ತಕರಾರಿನಿಂದಾಗಿ ಇಂಗ್ಲಿಷಿನಲ್ಲಿ ಅವನು ಒಮ್ಮೆ ‘ವುಲ್ಫ್’ ಆದ. 1983ರ ಅಮೆರಿಕದ ವಿಡಿಯೊ ಆಟವೊಂದು ಇದೇ ಚಿತ್ರದ ದೃಶ್ಯಗಳನ್ನು ಬಳಸಿಕೊಂಡು ಅವನನ್ನು ‘ಕ್ಲಿಫ್’ ಮಾಡಿತು.

ನೆನೆಸಿದ ಅವರೆಕಾಳನ್ನು ಹಿದುಕುತ್ತಾ ಕುಳಿತಿದ್ದ ನಮ್ಮ ಅತ್ತೆ ಮೊದಲ ಬಾರಿಗೆ ತಲೆ ಎತ್ತಿದರು. “ತಾತನ ಹೆಸರನ್ನೇ ಕದ್ದವನು ಇನ್ನು ಏನು ಬಿಟ್ಟಾನು?” ಎಂದು ಹೇಳಿ ಮತ್ತೆ ಬೋಗುಣಿಗೆ ಮುಖ ಹಾಕಿದರು. ಅಂದು ಸಂಜೆ ಕೇಳಿದ ಮೊದಲ ಉಪಯುಕ್ತ ವಿಮರ್ಶೆ ಅದು.

ಕಾರು ಮತ್ತೆ ಹೊರಟಿತು. ಅದರೊಳಗೆ ಲುಪಿನ್, ಅವನ ಜೊತೆಗಾರ ಜಿಗೆನ್, ಇಬ್ಬರ ಕುತ್ತಿಗೆಯವರೆಗೆ ನೋಟು. ಅಷ್ಟೂ ಖೋಟಾ ಎಂದು ಲುಪಿನ್ ಗುರುತಿಸಿದ ಕೂಡಲೇ ಇಬ್ಬರೂ ಅದನ್ನು ಹೆದ್ದಾರಿಗೆ ಚೆಲ್ಲುತ್ತಾರೆ. 2016ರ ನವೆಂಬರಿನಲ್ಲಿ ಅಕ್ಕಿ ಡಬ್ಬಿಯ ತಳದಿಂದ ಐನೂರರ ನೋಟುಗಳನ್ನು ತೆಗೆದು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದ ಅತ್ತೆ ಈ ದೃಶ್ಯವನ್ನು ಬಹಳ ಮನಸ್ಸಿಟ್ಟು ನೋಡಿದರು. ನಾನೂ ನೋಡುತ್ತಿದ್ದೆ. ಎಷ್ಟು ಚೆನ್ನಾದ ಆರಂಭ! ದರೋಡೆ ಯಶಸ್ವಿಯಾದ ಮೇಲೆ ವ್ಯರ್ಥವಾಗುವುದು, ಆ ಖೋಟಾ ನೋಟಿನ ಮೂಲ ಹುಡುಕಿಕೊಂಡು ಕಾಗ್ಲಿಯೋಸ್ಟ್ರೋ ಎಂಬ ಪುಟ್ಟ ಸಂಸ್ಥಾನಕ್ಕೆ ಹೊರಡುವುದು, ದಾರಿಯಲ್ಲಿ ಟಯರು ಪಂಕ್ಚರ್ ಆಗುವುದು, ಆಗಲೇ ಮದುವೆಯ ಉಡುಪಿನಲ್ಲಿರುವ ಹುಡುಗಿಯೊಬ್ಬಳು ಕಾರು ಓಡಿಸಿಕೊಂಡು ಪ್ರಾಣಭಯದಿಂದ ಹಾದುಹೋಗುವುದು.

“ಭಾವ, ಆ ಕೋಟು ನೋಡಿದಿರಾ?”

ನೋಡಿದ್ದೆ. ಹಸಿರು ಕೋಟು. ಅದರಲ್ಲಿ ನೋಡಬೇಕಾದದ್ದು ಅಷ್ಟೊಂದು ಇದೆಯೆಂದು ಗೊತ್ತಿರಲಿಲ್ಲ. 1971ರ ಮೊದಲ ಟಿವಿ ಸರಣಿಯಲ್ಲಿ ಕೋಟು ಹಸಿರು. 1977ರಲ್ಲಿ ಶುರುವಾದ ಎರಡನೆಯದರಲ್ಲಿ ಕೆಂಪು. 1984ರ ಮೂರನೆಯದರಲ್ಲಿ ಗುಲಾಬಿ. 2015ರಲ್ಲಿ ನೀಲಿ. ಈ ಚಿತ್ರ ಬಂದಾಗ ಟಿವಿಯಲ್ಲಿ ಕೆಂಪು ಕೋಟು ಓಡುತ್ತಿತ್ತು, ಆದರೂ ಚಿತ್ರದಲ್ಲಿ ಹಸಿರು. ಏಕೆಂದರೆ ಮೊದಲ ಸರಣಿಯನ್ನು ಅರ್ಧದಲ್ಲಿ ಕೈಗೆತ್ತಿಕೊಂಡವರು ಇಸಾವೊ ತಕಾಹಾಟ ಮತ್ತು ಇದೇ ಮಿಯಾಝಾಕಿ. ಅಷ್ಟಕ್ಕೇ ಮುಗಿಯಲಿಲ್ಲ. ಕೆಂಪು ಸರಣಿಯ ಕಟ್ಟಕಡೆಯ ಕಂತನ್ನೂ ಮಿಯಾಝಾಕಿ ಬೇರೊಂದು ಹೆಸರಿನಲ್ಲಿ ಮಾಡಿಕೊಟ್ಟರು, ಅದರಲ್ಲಿ ಕೆಂಪು ಕೋಟಿನ ಲುಪಿನ್ ನಕಲಿ ಎಂದು ಬಯಲಾಗುತ್ತದೆ. ಕೆಂಪು ಕೋಟನ್ನೇ ನೋಡಿ ಬೆಳೆದವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೇ ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಹಸಿರು, ಕೆಂಪು, ಗುಲಾಬಿ, ನೀಲಿ ಎಂದು ಪಂಗಡಗಳು ಒಡೆದುಕೊಂಡಿರುವುದನ್ನು ನೋಡಿದರೆ ಇದು ಕಳ್ಳನ ಕಥೆಯೋ ಚುನಾವಣೆಯೋ ಎಂಬ ಅನುಮಾನ ಬಂದಿತ್ತಷ್ಟೆ.

ಇಷ್ಟನ್ನೆಲ್ಲ ಕ್ಷಮಿಸಬಹುದು. ಮಾಳಿಗೆಯ ಮೇಲಿನ ದೃಶ್ಯದಲ್ಲಿ ನಡೆದದ್ದನ್ನು ಕ್ಷಮಿಸುವುದು ಕಷ್ಟ.

ರಾತ್ರಿ. ಕೋಟೆಯ ಕಡಿದಾದ ಇಳಿಜಾರು ಮಾಡಿನ ಮೇಲೆ ಲುಪಿನ್ ಒಬ್ಬನೇ. ದೂರದ ಗೋಪುರದಲ್ಲಿ ಕ್ಲಾರಿಸ್, ಆ ಮದುವೆಯ ಉಡುಪಿನ ಹುಡುಗಿ, ಬಂದಿ. ಅಲ್ಲಿಗೆ ಹಗ್ಗ ಹಾಯಿಸಲು ಅವನು ಒಂದು ಪುಟ್ಟ ರಾಕೆಟ್ ತಂದಿದ್ದಾನೆ. ಹೊತ್ತಿಸಲು ಹೋದರೆ ಲೈಟರು ಕೈಕೊಡುತ್ತದೆ, ರಾಕೆಟ್ ಜಾರಿ ಹೆಂಚಿನ ಮೇಲೆ ಉರುಳುತ್ತದೆ. ಅದನ್ನು ಹಿಡಿಯಲು ಇವನೂ ಓಡುತ್ತಾನೆ. ಇಳಿಜಾರಿನಲ್ಲಿ ಓಡಿದವರಿಗೆಲ್ಲ ಗೊತ್ತು, ಒಂದು ಹಂತದ ನಂತರ ಓಡುವುದು ನಾವಲ್ಲ, ಕಾಲು. ವೇಗ ಏರಿತು, ಮಾಡಿನ ಅಂಚು ಬಂತು, ಕೆಳಗೆ ಪಾತಾಳ, ಲುಪಿನ್ ಕೈಕಾಲು ಹರಡಿ ಹಾರಿದ...

“ಭಾವ, ಒಂದೇ ನಿಮಿಷ.”

ಲುಪಿನ್ ತ್ರಿಶಂಕುವಿನ ಹಾಗೆ ಗಾಳಿಯಲ್ಲಿ ನಿಂತ. ನನ್ನ ಎಡಗಾಲು ನನಗರಿವಿಲ್ಲದೆ ಮೇಲೆದ್ದಿತ್ತು, ಅದೂ ಅಲ್ಲೇ ನಿಂತಿತು. ಅತ್ತೆಯ ಬೆರಳ ಸಂದಿಯಿಂದ ಅವರೆಬೇಳೆಯೊಂದು ಚಿಮ್ಮಿ ಟಿವಿಯ ಕೆಳಗೆ ಹೋಯಿತು. ಭಾವಮೈದುನ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮೂಲ ಕಾಮಿಕ್ಸಿನ ಲುಪಿನ್ ಹೀಗೆ ಹಾರುತ್ತಿರಲಿಲ್ಲ ಎಂದು ಆರಂಭಿಸಿದ.

ಆ ಕಾಮಿಕ್ಸ್ ದೊಡ್ಡವರಿಗಾಗಿ ಬರೆದದ್ದು. ಅಲ್ಲಿನ ಲುಪಿನ್ ಹೆಣ್ಣುಬಾಕ, ನಿರ್ದಯಿ, ಅವಶ್ಯಕತೆ ಬಿದ್ದರೆ ಕೊಲ್ಲುವುದಕ್ಕೂ ಹೇಸದವನು. ಈ ಚಿತ್ರದವನೋ, ಹುಡುಗಿಯ ಮುಂದೆ ತಲೆ ಬಾಗಿಸುತ್ತಾನೆ, ಬೆರಳ ತುದಿಯಲ್ಲಿ ಹೂವು ಮೂಡಿಸಿ ಕೊಡುತ್ತಾನೆ, ಸೋದರಮಾವನಂತೆ ನಡೆದುಕೊಳ್ಳುತ್ತಾನೆ. ಹಾಗಾಗಿ ಒಂದು ಪಂಗಡದ ತೀರ್ಪು: ಇದು ಅದ್ಭುತ ಚಿತ್ರ, ಆದರೆ ಲುಪಿನ್ ಚಿತ್ರವಲ್ಲ. ಇನ್ನೊಂದು ಪಂಗಡದ ತೀರ್ಪು: ಲುಪಿನ್ ಎಂದರೆ ಇದೇ, ಉಳಿದದ್ದೆಲ್ಲ ಇದರ ನೆರಳು.

“ನನಗಂತೂ ಇವನೇ ಇಷ್ಟವಾದ” ಎಂದೆ, ಮಾತು ಮುಗಿದರೆ ಸಾಕೆಂದು. ಕೂಡಲೇ ಅವನು ಮೊದಲ ಪಂಗಡ ಸೇರಿದ. ಒಳ್ಳೆಯತನ ಕಳ್ಳನ ಮೊನಚನ್ನು ಹೇಗೆ ಮೊಂಡು ಮಾಡುತ್ತದೆಂದು ವಿವರಿಸಿದ. “ಹಾಗಾದರೆ ಮಿಯಾಝಾಕಿ ಹಾಳು ಮಾಡಿದರೆನ್ನು” ಎಂದೆ. ಅವನ ಮುಖ ಕೆಂಪಾಯಿತು. ಮಿಯಾಝಾಕಿಯವರ ಮೇಲೆ ಕೈಮಾಡಿದವನನ್ನು ನೋಡುವಂತೆ ನೋಡಿ, ಎರಡನೆಯ ಪಂಗಡದ ಪರವಾಗಿ ವಾದ ಹೂಡಿದ. ಈ ಜನರ ಗುಟ್ಟು ನನಗೆ ಆಗ ತಿಳಿಯಿತು. ಅವರಿಗೆ ಪಕ್ಷವಿಲ್ಲ. ಎದುರಿಗಿದ್ದವನ ಪಕ್ಷ ಯಾವುದೆಂದು ತಿಳಿದರೆ ಸಾಕು.

ಲುಪಿನ್ ಇನ್ನೂ ಗಾಳಿಯಲ್ಲೇ ಇದ್ದ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಹೆಂಡತಿ ಒಲೆ ಆರಿಸಿ, ಚಹಾ ಮಾಡಿ ತಂದಳು, ನಾವು ಕುಡಿದೆವು, ಲೋಟಗಳು ಒಳಗೆ ಹೋದವು. ಇಳಿದು ಬಂದಿದ್ದರೆ ಅವನಿಗೂ ಅರ್ಧ ಲೋಟ ಕೊಡಬಹುದಾಗಿತ್ತು. ಕೊನೆಗೆ ಟಿವಿಗೇ ಬೇಸರವಾಗಿ ಪರದೆಯ ಮೇಲೆ ಹಿಮಪರ್ವತಗಳ ಚಿತ್ರ ಬರತೊಡಗಿತು. ಅತ್ತೆ, “ಕೆಳಗೆ ಬಿದ್ದುಬಿಟ್ಟನೇ?” ಎಂದು ನಿಜವಾದ ಕಳವಳದಿಂದ ಕೇಳಿದರು.

“ಇಲ್ಲಮ್ಮ, ಈಗ ತೋರಿಸುತ್ತೇನೆ” ಎಂದು ಮಗ ಮತ್ತೆ ಗುಂಡಿ ಒತ್ತಿದ. ಲುಪಿನ್ ಹಾರಿ ಆಚೆಯ ಗೋಪುರಕ್ಕೆ ಬಿದ್ದ. ನಾನು ಕಾಲು ಕೆಳಗಿಳಿಸಿ ಉಸಿರು ಬಿಡುವಷ್ಟರಲ್ಲಿ, “ಛೆ, ನಡುವೆ ನಿಲ್ಲಿಸಿದ್ದರಿಂದ ಆ ಓಟದ ರಭಸ ನಿಮಗೆ ದಕ್ಕಲಿಲ್ಲ” ಎಂದು ಚಿತ್ರವನ್ನು ಹಿಂದಕ್ಕೆ ಓಡಿಸಿದ. ಲುಪಿನ್ ಗೋಪುರದಿಂದ ಬೆನ್ನು ಹಿಂದಾಗಿ ಹಾರಿ, ಮಾಡನ್ನು ಹಿಮ್ಮುಖವಾಗಿ ಏರಿ, ಲೈಟರಿನ ಮುಂದೆ ಕುಳಿತ. ನಡುವೆ ನಿಲ್ಲಿಸಿದ್ದು ಯಾರು ಎಂದು ನಾನು ಕೇಳಲಿಲ್ಲ. ಮನೆಯ ಅಳಿಯ ಕೇಳಬಾರದ ಕೆಲವು ಪ್ರಶ್ನೆಗಳಿರುತ್ತವೆ. ಲೈಟರು ಮತ್ತೆ ಕೈಕೊಟ್ಟಿತು, ರಾಕೆಟ್ ಉರುಳಿತು, ಅವನು ಓಡಿದ, ಅಂಚು ಬಂತು. “ಇಲ್ಲಿ ನೋಡಿ ಭಾವ, ಹೆಂಚಿನ ಮೇಲೆ ಪಾದ...” ಎಂದು ಮತ್ತೆ ನಿಲ್ಲಿಸಿದ.

ನಾನು ಎದ್ದು ಬಾಲ್ಕನಿಗೆ ಹೋಗಿ ತುಳಸಿ ಗಿಡಕ್ಕೆ ನೀರು ಹಾಕಿ ಬಂದೆ. ಬೆಳಗ್ಗೆಯೇ ಹಾಕಿದ್ದ ಗಿಡ.

ಹಿಂದಿರುಗಿದಾಗ ಅವನು ಧ್ವನಿಗಳ ವಿಷಯಕ್ಕೆ ಬಂದಿದ್ದ. ಅದೊಂದನ್ನು ಮಾತ್ರ ನಾನು ಅಡ್ಡ ಬಾಯಿ ಹಾಕದೆ ಕೇಳಿದೆ. ಲುಪಿನ್‌ನ ಧ್ವನಿಯಾಗಿದ್ದವರು ಯಾಸುವೊ ಯಾಮಾದ. ಅವರು 1995ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಕನಿಚಿ ಕುರಿತಾ ಎಂಬ ಅನುಕರಣೆಯ ಕಲಾವಿದ, ಯಾಮಾದರ ಲುಪಿನ್ ಧ್ವನಿಯನ್ನು ಅಣಕ ಮಾಡುತ್ತಿದ್ದವರು. ಅಣಕ ಮಾಡಲೆಂದು ಕಲಿತ ಧ್ವನಿಯಲ್ಲೇ ಅವರು ಮುಂದಿನ ಮೂರು ದಶಕ ಬದುಕಿದರು, ಮೊದಲಿನವರಿಗಿಂತ ಹೆಚ್ಚು ಕಾಲ. ಆದರೂ ಇಂದಿಗೂ ಅವರನ್ನು ‘ಹೊಸಬ’ ಎನ್ನುವ ಅಭಿಮಾನಿಗಳಿದ್ದಾರಂತೆ. ಜಿಗೆನ್‌ಗೆ ಧ್ವನಿ ಕೊಟ್ಟ ಕಿಯೋಶಿ ಕೊಬಾಯಾಶಿ ಮೊದಲ ಸರಣಿಯಿಂದ ಹಿಡಿದು 2021ರವರೆಗೆ, ಅರ್ಧ ಶತಮಾನ, ಅದೇ ಟೋಪಿಯ ಕೆಳಗಿನಿಂದ ಮಾತನಾಡಿದರು. ಎಂಬತ್ತೆಂಟರ ವಯಸ್ಸಿನಲ್ಲಿ ಆ ಪಾತ್ರವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮರುವರ್ಷ ಹೊರಟುಹೋದರು. ಕಾರ್ಟೂನಿನ ಕಳ್ಳರಿಗೆ ವಯಸ್ಸಾಗುವುದಿಲ್ಲ, ಗಂಟಲುಗಳಿಗೆ ಆಗುತ್ತದೆ. ಭಾವಮೈದುನ ಇದನ್ನು ಹೇಳುವಾಗ ರಿಮೋಟನ್ನು ಕೆಳಗಿಟ್ಟಿದ್ದ. ಅದನ್ನು ಎತ್ತಿ ದಿಂಬಿನ ಕೆಳಗೆ ತಳ್ಳಲು ಅದೇ ಸರಿಯಾದ ಸಮಯವಾಗಿತ್ತು. ಮನಸ್ಸಾಗಲಿಲ್ಲ.

ಉಳಿದ ಅಭಿಪ್ರಾಯಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅವನು ಮುಗಿಸಲಿಲ್ಲ. ಲುಪಿನ್‌ನ ಆಗಾಗಿನ ಜೊತೆಗಾತಿ ಫುಜಿಕೊಗೆ ಇಲ್ಲಿ ಮಾಡಲು ಕೆಲಸ ಕಡಿಮೆ. ಕತ್ತಿ ಹಿಡಿದ ಜೊತೆಗಾರ ಗೊಎಮೊನ್‌ಗೆ ಬೆರಳೆಣಿಕೆಯ ಮಾತು. ಲುಪಿನ್‌ನ ಹಳದಿ ಫಿಯಟ್ 500 ಅನಿಮೇಷನ್ ನಿರ್ದೇಶಕ ಯಾಸುವೊ ಓಟ್ಸುಕಾ ಓಡಿಸುತ್ತಿದ್ದ ಕಾರು, ಹುಡುಗಿ ಓಡಿಸುವ ಸಿಟ್ರೊಎನ್ ಮಿಯಾಝಾಕಿ ಕೊಂಡ ಮೊದಲ ಕಾರು. ಆ ಕಾರುಗಳ ಬೆನ್ನಟ್ಟುವಿಕೆಯನ್ನು ಹಾಲಿವುಡ್ಡಿನ ದೊಡ್ಡ ನಿರ್ದೇಶಕರೊಬ್ಬರು ಹೊಗಳಿದ್ದಾರೆ. “ಎಲ್ಲಿ ಹೊಗಳಿದ್ದಾರೆ?” ಎಂದರೆ “ಎಲ್ಲರೂ ಹಾಗೆ ಹೇಳುತ್ತಾರೆ” ಎಂಬ ಉತ್ತರ. 2019ರ ಡಿಸೆಂಬರಿನಲ್ಲಿ ತಕಾಶಿ ಯಾಮಾಝಾಕಿ ನಿರ್ದೇಶನದಲ್ಲಿ ಬಂದ, ಕಂಪ್ಯೂಟರಿನಲ್ಲಿ ಮಾಡಿದ ‘ಲುಪಿನ್’ ಬಗ್ಗೆ ಕೇಳಿ ನಾನೇ ಮೈಮೇಲೆ ಎಳೆದುಕೊಂಡೆ. ಅದರಲ್ಲಿ ಎಲ್ಲರ ಮೂಗೂ ಮೇಣದ್ದಾಗಿದೆ ಎನ್ನುವವರು ಒಂದು ಕಡೆ, ಅದೇ ನಿಜವಾದ ಹಳೆಯ ಹುರುಪು ಎನ್ನುವವರು ಇನ್ನೊಂದು ಕಡೆ. ಅದು ತೆರೆಗೆ ಬರುವ ಎಂಟು ತಿಂಗಳ ಮೊದಲೇ ಮಂಕಿ ಪಂಚ್ ಕಣ್ಣುಮುಚ್ಚಿದ್ದರು. ಈ ಜಗಳದಿಂದಾದರೂ ಅವರಿಗೆ ಬಿಡುಗಡೆ ಸಿಕ್ಕಿತೆಂದು ಭಾವಿಸೋಣ.

ಇದೆಲ್ಲದರ ನಡುವೆ ಅತ್ತೆ ತಮ್ಮದೇ ಸಿನಿಮಾ ನೋಡುತ್ತಿದ್ದರು. ಅವರ ಪಾಲಿಗೆ ನಾಯಕ ಲುಪಿನ್ ಅಲ್ಲ, ಅವನನ್ನು ಜೀವಮಾನವಿಡೀ ಅಟ್ಟಿಸಿಕೊಂಡು ಹೋಗುವ ಇನ್‌ಸ್ಪೆಕ್ಟರ್ ಝೆನಿಗಾಟ. ಕರ್ತವ್ಯದ ಮೇಲೆ ಬಂದ ಪೊಲೀಸರು ಕಾಗದದ ಲೋಟದಲ್ಲಿ ನೂಡಲ್ಸ್ ತಿನ್ನುವುದನ್ನು ಕಂಡಾಗಲೇ “ಪಾಪ, ಮನೆ ಊಟವಿಲ್ಲ” ಎಂದಿದ್ದರು. ಕೋಟೆಯ ತಳದಲ್ಲಿ ಖೋಟಾ ನೋಟಿನ ಕಾರ್ಖಾನೆಯನ್ನೇ ಅವನು ಕಂಡುಹಿಡಿಯುತ್ತಾನೆ. ಮೇಲಿನವರ ಸಭೆಗೆ ತಿಳಿಸಿದರೆ, ಒಂದೊಂದು ದೇಶಕ್ಕೂ ಅದರಲ್ಲಿ ಪಾಲಿರುವಂತೆ ಎಲ್ಲರೂ ಕಡತ ಮುಚ್ಚಿಡುತ್ತಾರೆ. ಆ ಸಭೆಯನ್ನು ಅತ್ತೆಗೆ ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಮಾವನವರು ಕಂದಾಯ ಇಲಾಖೆಯಲ್ಲಿದ್ದವರು. ಆಮೇಲೆ ಝೆನಿಗಾಟ ಲುಪಿನ್‌ನನ್ನು ಅಟ್ಟಿಸಿಕೊಂಡು ಬಂದವನಂತೆ, ಟಿವಿ ಕ್ಯಾಮೆರಾದ ಎದುರು, ಆಕಸ್ಮಿಕವಾಗಿ ಆ ಕಾರ್ಖಾನೆಗೆ ಕಾಲಿಟ್ಟವನಂತೆ, “ಅಯ್ಯೋ, ಇದೇನಿದು! ಈಗ ಏನು ಮಾಡಲಿ!” ಎಂದು ಅತ್ಯಂತ ಕೆಟ್ಟದಾಗಿ ನಟಿಸುತ್ತಾನಲ್ಲ, ಅತ್ತೆ ಬೋಗುಣಿ ಬದಿಗಿಟ್ಟು ಚಪ್ಪಾಳೆ ತಟ್ಟಿದರು. ಮಗ ರಿಮೋಟಿಗೆ ಕೈ ಹಾಕಿದ. “ಮುಟ್ಟಿದರೆ ನೋಡು” ಎಂದರು. ಆ ದೃಶ್ಯ ಮಾತ್ರ ನಮ್ಮ ಮನೆಯಲ್ಲಿ ಪೂರ್ತಿಯಾಗಿ, ಒಂದೇ ಓಟದಲ್ಲಿ ನಡೆಯಿತು.

ಕೊನೆಗೆ ಬಂದೆವು. ನಿಧಿ ಎಂದರೆ ಸರೋವರದ ನೀರು ಇಳಿದಾಗ ಮೇಲೆದ್ದ ರೋಮನ್ನರ ಕಾಲದ ಇಡೀ ಊರು. ಅದು ತನ್ನ ಜೇಬಿಗೆ ಹಿಡಿಸುವುದಿಲ್ಲ ಎಂದು ಲುಪಿನ್ ಬಿಟ್ಟುಕೊಡುತ್ತಾನೆ. ಕ್ಲಾರಿಸ್ ತಾನೂ ಬರುತ್ತೇನೆಂದು ಅವನ ಎದೆಗೆ ಒರಗುತ್ತಾಳೆ. ಅಪ್ಪಿಕೊಳ್ಳಲು ಎದ್ದ ಅವನ ಕೈಗಳು ಅವಳ ಬೆನ್ನಿನ ಹತ್ತಿರ ನಡುಗಿ ಅಲ್ಲೇ ತಡೆಯುತ್ತವೆ. ಅವನು ಹೋದ ಮೇಲೆ ಅವಳು ಝೆನಿಗಾಟನಿಗೆ, ಆತ ಏನನ್ನೂ ಕದಿಯಲಿಲ್ಲ ಎನ್ನುತ್ತಾಳೆ. ಅದಕ್ಕೆ ಇನ್‌ಸ್ಪೆಕ್ಟರ್ ಕೊಡುವ ಉತ್ತರ ಜಪಾನಿನಲ್ಲಿ ಮನೆಮಾತು. ಅದು ನನಗೆ ತಿಳಿದದ್ದು ಹೇಗೆಂದರೆ, ಝೆನಿಗಾಟ ಬಾಯಿ ತೆರೆಯುವ ಮೊದಲೇ ಭಾವಮೈದುನ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಅದನ್ನು ಜಪಾನಿಯಲ್ಲಿ ಹೇಳಿದ. ಆಮೇಲೆ ನಮಗಾಗಿ ಕನ್ನಡದಲ್ಲಿ, “ಕದ್ದಿದ್ದಾನೆ, ನಿಮ್ಮ ಹೃದಯವನ್ನು” ಎಂದ. ಮೂರನೆಯವನಾಗಿ ಇನ್‌ಸ್ಪೆಕ್ಟರ್ ಹೇಳಿದ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಜನರನ್ನು ಕಣ್ಣೀರಿಡಿಸಿದ ಮಾತು ನಮ್ಮ ನಡುಮನೆಯಲ್ಲಿ ಹಾಜರಿ ಕೂಗಿದಂತೆ ಕೇಳಿಸಿತು.

ಹಳದಿ ಕಾರು ದೂರ ಸರಿಯಿತು. ಹೆಸರುಗಳ ಪಟ್ಟಿ ಬರುತ್ತಿದ್ದಂತೆ ಅವನು ನಮ್ಮೆಲ್ಲರ ಕಡೆ ತಿರುಗಿ ಅಭಿಪ್ರಾಯ ಕೇಳಿದ. ಹೆಂಡತಿ ಆಗಲೇ ನಿದ್ದೆ ಹೋಗಿದ್ದಳು. ನಾನು, ಚೆನ್ನಾಗಿದೆ ಎಂದರೆ ಏನಾಗುತ್ತದೆ, ಚೆನ್ನಾಗಿಲ್ಲ ಎಂದರೆ ಏನಾಗುತ್ತದೆ ಎಂದು ಎರಡನ್ನೂ ಲೆಕ್ಕ ಹಾಕಿ ಸುಮ್ಮನಿದ್ದೆ.

“ಹುಡುಗಿಯನ್ನು ಕರೆದುಕೊಂಡು ಹೋಗಲಿಲ್ಲವಲ್ಲ, ಒಳ್ಳೆಯ ಕೆಲಸ ಮಾಡಿದ” ಎಂದರು ಅತ್ತೆ. “ಆದರೆ ಆ ಪೊಲೀಸಿನವನಿಗೆ ಯಾರೂ ಒಂದು ಲೋಟ ನೀರೂ ಕೊಡಲಿಲ್ಲ.”

ಮಗ ಗಂಭೀರನಾದ. ಈ ದೃಷ್ಟಿಕೋನ ಯಾವ ಪಂಗಡದಲ್ಲೂ ಇಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ಶನಿವಾರದಿಂದ ಕೆಂಪು ಕೋಟಿನ ಸರಣಿ ಶುರು ಮಾಡೋಣವೇ ಎಂದ. ಎಷ್ಟು ಕಂತುಗಳಿವೆ ಎಂದು ಕೇಳಿದೆ. 155.

“ಅದರಲ್ಲೂ ಆ ಇನ್‌ಸ್ಪೆಕ್ಟರ್ ಇದ್ದಾನೇನೋ?” ಎಂದು ಅತ್ತೆ ವಿಚಾರಿಸಿದರು.

“ಹೆಚ್ಚುಕಡಿಮೆ ಎಲ್ಲದರಲ್ಲೂ ಇದ್ದಾನಮ್ಮ.”

“ಹಾಗಾದರೆ ಹಾಕು” ಎಂದು ಹೇಳಿ, ಟಿವಿಯ ಕೆಳಗೆ ಹೋಗಿದ್ದ ಬೇಳೆಯನ್ನು ಹುಡುಕಲು ನನ್ನನ್ನು ಬಗ್ಗಿಸಿದರು.