ಸತ್ಯಾಂಶ: ಶೀಟ್ ಮನೆಯವರಿಗೆ ರಕ್ತ ಪರೀಕ್ಷೆ ಸಾಕೇ?

ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಆಸ್ಬೆಸ್ಟಾಸ್ ಶೀಟಿನ ಕೆಳಗೆ ಇದ್ದವರು ರಕ್ತ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತೆ." ಇದು ಸುಳ್ಳು.

ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ ಶ್ವಾಸಕೋಶದ ಹೊರ ಪೊರೆಗೆ ಬರುತ್ತದೆ. ಆಸ್ಬೆಸ್ಟಾಸ್ ದೂಳಿನಿಂದ ಬರುವುದೇ ಜಾಸ್ತಿ. ಅದನ್ನು ಖಚಿತಪಡಿಸಲು ಸಾಮಾನ್ಯವಾಗಿ ಬಯಾಪ್ಸಿ ಬೇಕು. ಪೊರೆಯ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಪೆಥಾಲಜಿ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಬೇರೆ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು. ಅದಕ್ಕೇ ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಎಂಬ, ಮೆಸೊಥೆಲಿಯೋಮಾದಲ್ಲಿ ಹೆಚ್ಚಾಗಿ ಕಾಣುವ ಪ್ರೋಟೀನುಗಳನ್ನೂ ಹುಡುಕುತ್ತಾರೆ.

ಆಸ್ಬೆಸ್ಟೋಸಿಸ್ ಬೇರೆ. ಅದರಲ್ಲಿ ಶ್ವಾಸಕೋಶವೇ ಗಟ್ಟಿಯಾಗುತ್ತದೆ. ಕೆಲಸದ ಹಿನ್ನೆಲೆ, ಸಿಟಿ ಸ್ಕ್ಯಾನ್, ಉಸಿರಾಟದ ಪರೀಕ್ಷೆ ಬಹುತೇಕ ಸಾಕು. ಚೂರು ತೆಗೆದು ನೋಡಿದರೆ ಕಬ್ಬಿಣದ ಅಂಶ ಮೆತ್ತಿಕೊಂಡ ನಾರುಗಳು ಕಾಣಬಹುದು. ಕಾಣಲಿಲ್ಲ ಅಂದಮಾತ್ರಕ್ಕೆ ಆಸ್ಬೆಸ್ಟಾಸ್ ಕಾರಣವಲ್ಲ ಅನ್ನುವಂತಿಲ್ಲ. ಬಿಳಿ ಆಸ್ಬೆಸ್ಟಾಸ್ ಎಂಬ ಬಗೆ ಅಂಥ ಗುರುತು ಉಳಿಸುವುದು ಕಡಿಮೆ.

ಆಲೆಮನೆಗೋ ಕೊಟ್ಟಿಗೆಗೋ ಹಾಕಿದ ಶೀಟು ಒಡೆಯದೆ ಸುಮ್ನೆ ಇದ್ದರೆ ದೂಳು ಕಡಿಮೆ. ಕೊಯ್ಯುವಾಗ, ತೂತು ಹಾಕುವಾಗ, ಒಡೆಯುವಾಗ ಅಪಾಯ ಜಾಸ್ತಿ. ಮೆಸೊಥೆಲಿಯೋಮಾ ಕಾಣಿಸಿಕೊಳ್ಳಲು 20ರಿಂದ 40 ವರ್ಷವೂ ಹಿಡಿಯಬಹುದು. ಅಷ್ಟರಲ್ಲಿ ಹಳೇ ಕೆಲಸ ಯಾರಿಗೆ ನೆನಪಿರುತ್ತದೆ, ಅಲ್ವಾ? ಉಸಿರು ಕಟ್ಟುತ್ತಿದ್ದರೆ ಡಾಕ್ಟರಿಗೆ ಆ ಹಳೇ ಕೆಲಸದ ವಿಷಯವನ್ನೇ ಮೊದಲು ಹೇಳಿ.